ಚೇಟ ಡಿಸ್ಕ್ ತೊಳೆದಿದ್ದರು

ಚೇಟ ತೀರಿಹೋಗಿ ನಲವತ್ತೊಂದನೆಯ ದಿನಕ್ಕೆ ಅವರ ಮನೆಯಲ್ಲಿ ಪ್ರಾರ್ಥನೆ, ಊಟ ಇತ್ತು. ಕಡಬದ ಈ ಕಡೆ ಬಂದು ನೆಲೆ ನಿಂತ ಕೇರಳದ ಕ್ರಿಶ್ಚಿಯನ್ನರಲ್ಲಿ ಅದು ಕ್ರಮ. ಫಾದರ್ ಹತ್ತು ನಿಮಿಷ ಮಾತನಾಡಿದರು. ಮೃದು ಮನುಷ್ಯ, ಶಾಂತ ಸ್ವಭಾವ, ಯಾರ ಮೇಲೂ ಸ್ವರ ಏರಿಸಿದವರಲ್ಲ ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆ. ತುಕ್ಕು ಹಿಡಿದ ಬೋಲ್ಟಿಗೆ ಚೇಟ ಮಲಯಾಳದಲ್ಲಿ ಬಯ್ಯುವುದನ್ನು ಫಾದರ್ ಕೇಳಿರಲಿಕ್ಕಿಲ್ಲ. ನಾನು ಕೇಳಿದ್ದೇನೆ. ಐವತ್ತಕ್ಕೂ ಹೆಚ್ಚು ವರ್ಷ ಅವರ ಬೇಲಿಯ ಈಚೆಗೆ ಬದುಕಿದವಳು ನಾನು. ಸತ್ತವರಿಗೆ ಇಲ್ಲದ ಗುಣ ಅಂಟಿಸಿದರೆ ಇದ್ದ ಗುಣ ಕಾಣದೆ ಹೋಗುತ್ತದೆ. ಹಾಗಾಗಿ ಇದ್ದದ್ದನ್ನೇ ಬರೆಯುತ್ತೇನೆ. ನನ್ನ ಮರ್ಯಾದೆಗೆ ಆಗದ ಒಂದು ವಿಷಯವೂ ಇದರೊಳಗಿದೆ. ಅದನ್ನು ಬಿಟ್ಟರೆ ಚೇಟನ ಬಗ್ಗೆ ಬರೆದ ಹಾಗಾಗುವುದಿಲ್ಲ.

ಹೆಸರು ಬರೆಯುವುದಿಲ್ಲ. ಮಲಯಾಳದಲ್ಲಿ ಅಣ್ಣ, ಅಕ್ಕ ಎಂದ ಹಾಗೆ ಊರಿನವರಿಗೆಲ್ಲ ಅವರು ಚೇಟ, ಅವರ ಹೆಂಡತಿ ಚೇಚಿ. ಚೇಟ ನನಗಿಂತ ನಾಲ್ಕು ವರ್ಷ ಸಣ್ಣವರು, ನನ್ನನ್ನು ಅಕ್ಕ ಎನ್ನುತ್ತಿದ್ದರು. ನಾನು ಅರೆಭಾಷೆ ಆಡುವ ಮರ್ಕಂಜದಿಂದ ಮದುವೆಯಾಗಿ ಇಲ್ಲಿಗೆ ಬಂದವಳು, ಅವರು ಅಪ್ಪನ ಜೀಪಿನಲ್ಲಿ ಪಾತ್ರೆ ಪಗಡದ ಮೇಲೆ ಕುಳಿತು ಬಂದವರು. ಇಬ್ಬರಿಗೂ ಈ ಊರಿನ ತುಳು ಕಲಿಯಲು ಒಂದೇ ಸಮಯ ಹಿಡಿಯಿತು. ಅವರ ತುಳುವಿಗೆ ನಾನು ನಗುತ್ತಿದ್ದೆ, ನನ್ನದಕ್ಕೆ ಅವರು.

ಆ ಜೀಪೇ ಅವರ ಶಾಲೆ. ಗುಡ್ಡೆಯಿಂದ ರಬ್ಬರ್ ಶೀಟ್ ಇಳಿಸಲು ಇದ್ದ ಗಾಡಿ ಅದು. ಹಾಳಾದರೆ ಕರೆಯಲು ಹತ್ತಿರ ಯಾರೂ ಇರಲಿಲ್ಲ. ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಹಾಗೇ ಕೈ ಕಲಿಯಿತು. ಆಮೇಲೆ ನೆರೆಕರೆಯ ಯಾರ ಗಾಡಿ ಕೂತರೂ ಚೇಟ. ಗ್ಯಾರೇಜ್ ಇಟ್ಟವರಲ್ಲ. ಅವರವರ ಅಂಗಳಕ್ಕೇ ಹೋಗಿ ಮಾಡಿಕೊಡುವುದು. ಸಕ್ಕರೆ ಹಾಕದ ಒಂದು ಲೋಟ ಚಹಾ ಸಿಗಬೇಕು, ಕೆಲಸ ಮಾಡುವಾಗ ಯಾರೂ ಸಲಹೆ ಕೊಡಬಾರದು, ಅಷ್ಟೇ.

ಆದಿತ್ಯವಾರ ಚರ್ಚಿನ ಪೂಜೆ ಮುಗಿಸಿ ಬಂದು ಬಿಳಿ ಮುಂಡು ಬಿಚ್ಚಿಟ್ಟು ಖಾಕಿ ಚಡ್ಡಿ ಹಾಕಿಕೊಂಡು ಹೊರಡುತ್ತಿದ್ದರು. "ಆದಿತ್ಯವಾರ ನಿಮ್ಮಲ್ಲಿ ಕೆಲಸ ಮಾಡ್ಲಿಕ್ಕಿಲ್ಲ ಅಲ್ವಾ?" ಎಂದು ನಾನು ಕೆಣಕಿದ್ದೆ.

"ಅದು ಕೆಲಸಕ್ಕೆ ಅಕ್ಕಾ. ಇದು ಖುಷಿಗೆ."

"ಬೋಲ್ಟಿಗೆ ಬಯ್ಯುದು ಖುಷಿಯಾ?"

"ಬೋಲ್ಟಿಗೆ ಬಯ್ದ್ರೆ ಅದು ತಿರುಗಿ ಬಯ್ಯುದಿಲ್ಲ. ಮನೆಯಲ್ಲಿ ಹಾಗಲ್ಲ."

ಬಿಚ್ಚಿದ ಬೋಲ್ಟುಗಳನ್ನು ತಗಡಿನ ಮುಚ್ಚಳದಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದರು, ಜಪಮಾಲೆಯ ಮಣಿಗಳ ಹಾಗೆ. ಕೋಳಿ ಬಂದು ಒಂದನ್ನು ಕೆದರಿದರೂ ಅವರಿಗೆ ಗೊತ್ತಾಗುತ್ತಿತ್ತು. ಈಚೆಗೆ ಮೊಬೈಲಿನಲ್ಲಿ ಬಿಳಿಯವರು ಕಾರು ರಿಪೇರಿ ಮಾಡುವುದನ್ನು ನೋಡುವ ಚಟ ಹತ್ತಿತ್ತು. ನೋಡುವುದು, ಬಯ್ಯುವುದು. "ಅಕ್ಕಾ, ಇವ ಗ್ಲೌಸ್ ಹಾಕಿ ಬೋಲ್ಟ್ ತೆಗೀತಾನೆ ಮಾರಾಯ್ರೆ! ಮಾಸ್ಕ್ ಹಾಕಿ ಊಟ ಮಾಡಿದ ಹಾಗೆ."

ಮಾಸ್ಕ್ ಎಂದಾಗ ನೆನಪಾಯಿತು. ಊರಿಗೆಲ್ಲ ಆ ಜ್ವರ ಬಂದ ವರ್ಷ ಚೇಟನಿಗೂ ಬಂತು. ಜ್ವರ ಬಿಟ್ಟಿತು, ಮೂಗು ಮಾತ್ರ ಸರಿಯಾಗಲಿಲ್ಲ. ಹಲಸಿನ ಹಣ್ಣು ಎದುರಿಟ್ಟರೂ ವಾಸನೆ ಇಲ್ಲ, ಮೀನು ಹಾಳಾದರೂ ಗೊತ್ತಿಲ್ಲ. "ಒಳ್ಳೇದೇ ಆಯ್ತು, ಇನ್ನು ಒಣ ಮೀನಿಗೆ ತಕರಾರಿಲ್ಲ" ಎಂದು ಚೇಚಿ ನಕ್ಕರು. ಚೇಟನೂ ನಕ್ಕರು.

ಅವರಿಗೆ ನಗು ಬಾರದ ವಿಷಯ ಒಂದೇ. ಅದು ಅವರ ಅಣ್ಣ.

ಅಣ್ಣ ಮದುವೆಯಾಗದವರು, ಕೊನೆಯ ಆರು ವರ್ಷ ಇವರ ಮನೆಯಲ್ಲೇ ಇದ್ದರು. ಮರೆವಿನ ಕಾಯಿಲೆ. ಉಂಡು ಕೈ ತೊಳೆದು ಬಂದು ಊಟ ಎಲ್ಲಿ ಎಂದು ಕೇಳುವುದು. ಚೇಚಿಯನ್ನು ನೋಡಿ ಇವಳು ಯಾರು ಎನ್ನುವುದು. ದಿನಾ ಬೆಳಿಗ್ಗೆ ಅಂಗಿ ಹಾಕಿಕೊಂಡು ಗೇಟಿನಲ್ಲಿ ನಿಂತು, ಊರಿಗೆ ಹೋಗುವ ಬಸ್ಸು ಎಷ್ಟು ಗಂಟೆಗೆ ಎಂದು ಕೇಳುವರು. ಯಾವ ಊರು? ಐವತ್ತು ವರ್ಷದ ಹಿಂದೆ ಬಿಟ್ಟು ಬಂದ ಊರು. ಚೇಟ ಒಂದು ದಿನವೂ ಗದರಲಿಲ್ಲ. "ಈಗ ಹೋಯಿತಲ್ಲ ಅಣ್ಣಾ, ಇನ್ನು ನಾಳೆಗೇ" ಎಂದು ಹೆಗಲ ಮೇಲೆ ಕೈ ಹಾಕಿ ಒಳಗೆ ಕರೆತರುತ್ತಿದ್ದರು. ಆರು ವರ್ಷ ದಿನಾ ಅದೇ ಮಾತು. ಬೋಲ್ಟಿಗೆ ಬಯ್ಯುವ ಬಾಯಿ ಅದು.

ಅಣ್ಣನನ್ನು ಮಣ್ಣು ಮಾಡಿ ಬಂದ ಮರುದಿನ ಬೇಲಿಯ ಹತ್ತಿರ ನಿಂತು ಹಣೆಗೆ ಬೆರಳು ಬಡಿದು ತೋರಿಸಿದರು. "ಅಕ್ಕಾ, ಸಾಯುದಕ್ಕೆ ನನಗೆ ಹೆದರಿಕೆ ಇಲ್ಲ. ಆದ್ರೆ ಇದು ಮೊದಲು ಹೋಗ್ಬಾರ್ದು. ಅಪ್ಪನಿಗೂ ಹೀಗೇ ಆದದ್ದು."

"ಹಾಗೆಲ್ಲ ಎಲ್ಲರಿಗೂ ಬರುದಿಲ್ಲ" ಎಂದೆ. ನನಗೇನು ಗೊತ್ತು.

ಇನ್ನು ಡಿಸ್ಕಿನ ವಿಷಯ.

ನನ್ನ ಮಗನಿಗೆ ಕಡಬ ಪೇಟೆಯಲ್ಲಿ ಟೈಲರ್ ಅಂಗಡಿ. ಹಳೆಯದೊಂದು ಕಾರು ತೆಗೆದಿದ್ದ. ಬ್ರೇಕ್ ಒತ್ತಿದರೆ ಸ್ಟೇರಿಂಗ್ ಗಡಗಡ ನಡುಗುತ್ತಿತ್ತು, ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಸದ್ದು. ಚೇಟ ಗಾಡಿಯ ಅಡಿಗೆ ಬಗ್ಗಿ ನೋಡಿ ಎದ್ದವರೇ ಮಗನಿಗೆ ಬೈದರು. "ಇದರಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿ ಸುಳ್ಯಕ್ಕೆ ಹೋದದ್ದಾ ನೀನು? ಹೋಗುದು ಯಾವ ಗಾಡಿಯೂ ಹೋಗ್ತದೆ. ನಿಲ್ಲುದು ಮುಖ್ಯ." ಎದುರಿನ ಎರಡೂ ಡಿಸ್ಕ್ ಬದಲಾಯಿಸಬೇಕು, ಜೊತೆಗೆ ಪ್ಯಾಡೂ ಹೊಸದು ಬೇಕು ಎಂದರು. ಮಗ ಪುತ್ತೂರಿಗೆ ಹೋಗಿ ತಂದ.

ಡಿಸ್ಕ್ ಎಂದರೆ ಎಂತ ಎಂದು ನಾನು ನೋಡಿದ್ದೇ ಆಗ. ದೋಸೆ ಕಾವಲಿಯಷ್ಟು ಅಗಲದ ಕಬ್ಬಿಣದ ತಟ್ಟೆ. ಚಕ್ರದ ಹಿಂದೆ ಕೂತು ಚಕ್ರದೊಂದಿಗೇ ತಿರುಗುತ್ತದೆ. ಬ್ರೇಕ್ ಒತ್ತಿದಾಗ ಎರಡು ಕಡೆಯಿಂದ ಪ್ಯಾಡ್ ಬಂದು ಅದನ್ನು ಅಮುಕಿ ಹಿಡಿಯುವುದು. ಹಾಗೆ ಹಿಡಿದರೆ ಗಾಡಿ ನಿಲ್ಲುತ್ತದೆ.

ಮಳೆಗಾಲವಾದರೂ ಆ ಆದಿತ್ಯವಾರ ಹೊಳವಾಗಿತ್ತು. ಚೇಟ ಬಂದು ಜಾಕ್ ಕೊಟ್ಟು ಕಾರು ಎತ್ತಿದರು. ಕಳಚಿದ ಚಕ್ರವನ್ನು ಕಾರಿನ ಅಡಿಗೇ ತಳ್ಳಿ ಇಟ್ಟರು, ಜಾಕ್ ಜಾರಿದರೆ ಮನುಷ್ಯನ ಮೇಲೆ ಬೀಳಬಾರದಲ್ಲ. ಪ್ಯಾಡ್ ಹಿಡಿಯುವ ಭಾರದ ಭಾಗವನ್ನು ಬಿಚ್ಚಿ, ತಂತಿಯಲ್ಲಿ ಮೇಲಕ್ಕೆ ಕಟ್ಟಿದರು. "ಇದನ್ನು ಪೈಪಿನಲ್ಲಿ ನೇತಾಡಿಸ್ಬಾರ್ದು. ಮಗುವನ್ನು ಕೈ ಹಿಡಿದು ಎತ್ತಿದ ಹಾಗೆ ಆಗ್ತದೆ" ಎಂದರು. ಬಲಬದಿಯ ಹಳೆಯ ಡಿಸ್ಕ್ ಸುತ್ತಿಗೆಯ ಎರಡು ಪೆಟ್ಟಿಗೇ ಕಳಚಿ ಬಂತು. ಎಡಬದಿಯದ್ದು ತುಕ್ಕು ಹಿಡಿದು ಕಚ್ಚಿ ಕೂತಿತ್ತು. ಬೈಗುಳ ಶುರುವಾಯಿತು.

ಅಷ್ಟರಲ್ಲಿ ಬ್ರೇಕಿನ ಎಣ್ಣೆ ತರಲು ಮಗನನ್ನು ಪೇಟೆಗೆ ಕಳುಹಿಸಿದರು. ನನ್ನ ಹತ್ತಿರ ಬಿಸಿನೀರು ಕೇಳಿದರು. ಹೊಸ ಡಿಸ್ಕಿಗೆ ಕಂಪೆನಿಯವರು ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿ ಕಳುಹಿಸುತ್ತಾರಂತೆ. ಅದನ್ನು ತೊಳೆಯದೆ ಹಾಕುವ ಹಾಗಿಲ್ಲ. ನಾನು ಒಲೆಯ ಮೇಲಿದ್ದ ನೀರನ್ನು ತಾಮ್ರದ ಚೆಂಬಿನಲ್ಲಿ ತಂದು ಕೊಟ್ಟೆ. ಬಟ್ಟೆ ಸೋಪು ಹಾಕಿ, ತೆಂಗಿನ ನಾರಿನಲ್ಲಿ ಎರಡನ್ನೂ ತಿಕ್ಕಿ ತಿಕ್ಕಿ ತೊಳೆದು, ಬಟ್ಟೆಯಲ್ಲಿ ಒರಸಿ, ಜಗಲಿಯಲ್ಲಿ ಪೇಪರಿನ ಮೇಲೆ ಒರಗಿಸಿಟ್ಟರು. ಮತ್ತೆ ದೊಡ್ಡ ಸುತ್ತಿಗೆ ತರುತ್ತೇನೆ, ಹಾಗೇ ಎರಡು ತುತ್ತು ಉಂಡೂ ಬರುತ್ತೇನೆ ಎಂದು ಮನೆಗೆ ಹೋದರು.

ನಾನು ಜಗಲಿಯಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅರ್ಧ ಗಂಟೆಯಲ್ಲಿ ನೋಡುತ್ತೇನೆ, ಹೊಸ ಡಿಸ್ಕಿನ ಮೈಮೇಲೆ ಕೆಂಪು ಪುಡಿ ಎದ್ದಿದೆ. ಮಳೆಗಾಲದ ಗಾಳಿಗೆ ಕಬ್ಬಿಣ ಕೇಳಬೇಕಾ? ನನ್ನ ಮನೆಯಲ್ಲಿ ಕತ್ತಿ, ಮೆಟ್ಟುಕತ್ತಿ, ಹಾರೆ, ಕಾವಲಿ ಯಾವುದಕ್ಕೂ ತುಕ್ಕು ಹಿಡಿಯಲು ನಾನು ಬಿಟ್ಟವಳಲ್ಲ. ಹೊಸ ಕಬ್ಬಿಣದ ಕಾವಲಿ ತಂದರೆ ಮೊದಲು ಎಣ್ಣೆ, ಆಮೇಲೆ ಬೇರೆ ಮಾತು. ಈ ಗಂಡಸರಿಗೆ ಅಷ್ಟೂ ಗೊತ್ತಿಲ್ಲ ಎಂದುಕೊಂಡೆ. ಕಂಪೆನಿಯ ಕೊಳಕು ಎಣ್ಣೆ ಹೋಯಿತು, ಇನ್ನು ಒಳ್ಳೆಯ ಎಣ್ಣೆ ಆಗಬೇಕು ಎಂದು ನನ್ನ ತಲೆಗೆ ಬಂತು. ಒಂದು ಚಮಚ ತೆಂಗಿನೆಣ್ಣೆ ತಂದು, ಎರಡಕ್ಕೂ ಹಚ್ಚಿ, ಹಳೆ ಸೀರೆಯ ತುಂಡಿನಲ್ಲಿ ನಯವಾಗಿ ಉಜ್ಜಿದೆ. ಕೆಂಪೆಲ್ಲ ಹೋಗಿ ಕನ್ನಡಿ ಹಾಗೆ ಹೊಳೆಯಿತು. ಖುಷಿಯಾಯಿತು. ಒಳಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿದೆ.

ಚೇಟ ಬಂದರು, ಕಚ್ಚಿ ಕೂತಿದ್ದ ಹಳೆಯದನ್ನು ಹೊಡೆದು ತೆಗೆದರು, ಹೊಸ ಡಿಸ್ಕುಗಳನ್ನು ಅಂಚಿನಲ್ಲಿ ಹಿಡಿದು ಕೂರಿಸಿದರು. ತಾವೇ ತೊಳೆದಿಟ್ಟದ್ದು, ಹೊಳೆಯುತ್ತಿದೆ, ಮತ್ತೆ ನೋಡುವುದೇನು? ಮೂಗಿದ್ದವರಾದರೆ ಆಗಲೇ ಗೊತ್ತಾಗುತ್ತಿತ್ತು. ಎರಡೂ ಬದಿ ಕಟ್ಟಿ, ಚಕ್ರ ಹಾಕಿ, ಕಾರಿನಲ್ಲಿ ಕುಳಿತು ಪೆಡಲನ್ನು ಹತ್ತು ಹದಿನೈದು ಸಲ ಒತ್ತಿ ಒತ್ತಿ ಗಟ್ಟಿ ಮಾಡಿಕೊಂಡರು. ಅಂಗಳದಲ್ಲಿ ಮೆಲ್ಲ ಮುಂದೆ ಹಿಂದೆ ಹೋದಾಗ ಸರಿಯೇ ಇತ್ತು. ಆಮೇಲೆ, ನಾನು ಅಂಗಳದಲ್ಲಿ ನಿಂತು ನೋಡುತ್ತಿದ್ದ ಹಾಗೆ, ನಮ್ಮ ದಾರಿಯ ಇಳಿಜಾರಿನಲ್ಲಿ ಬಿಟ್ಟರು. ಗೇಟಿನ ಹತ್ತಿರ ನಿಲ್ಲಬೇಕು. ಕಾರು ನಿಲ್ಲಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದದ್ದು ಕಾಣಿಸಿತು. ಆದರೂ ಜಾರಿಕೊಂಡು ಹೋಗಿ ಗೇಟಿನ ಮುರಕಲ್ಲಿನ ಕಂಬಕ್ಕೆ ಗುದ್ದಿತು. ಕಂಬ ಇರದಿದ್ದರೆ ಡಾಮರು ರಸ್ತೆ. ಆ ಗಳಿಗೆಯಲ್ಲೇ ಒಂದು ಪಿಕಪ್ ಹಾರ್ನ್ ಹಾಕಿಕೊಂಡು ಹೋಯಿತು.

ಚೇಟ ಇಳಿದರು. ಹಣೆಯಲ್ಲಿ ಸ್ವಲ್ಪ ರಕ್ತ. ಅದನ್ನು ಒರಸಲೂ ಇಲ್ಲ. ಅಲ್ಲಿಯೇ ಚಕ್ರ ಕಳಚಿ, ಡಿಸ್ಕಿನ ಮೇಲೆ ಬೆರಳು ಎಳೆದು, ಹೆಬ್ಬೆರಳಿಗೆ ಉಜ್ಜಿ ನೋಡಿದರು. "ಎಣ್ಣೆ" ಎಂದರು.

ಪೇಟೆಯಿಂದ ಬಂದಿದ್ದ ಮಗ ಒಡೆದ ಬಂಪರ್ ನೋಡುತ್ತಾ ನಿಂತಿದ್ದ. "ತೊಳೀಲಿಲ್ವಾ ಚೇಟಾ?"

"ತೊಳ್ದೆ." ಮತ್ತೆ ಬೆರಳನ್ನೇ ನೋಡಿ, "ತೊಳ್ದೆ ಅಂತ ನನಗೆ ನೆನಪು."

ಆಮೇಲೆ ನನ್ನ ಕಡೆ ತಿರುಗಿದರು. "ಅಕ್ಕಾ, ನಾನು ತೊಳ್ದೆ ಅಲ್ವಾ? ನೀವು ಇದ್ರಿ ಅಲ್ವಾ?"

ಅಷ್ಟರಲ್ಲಿ ನನಗೆ ವಿಷಯ ಪೂರಾ ಅರ್ಥವಾಗಿತ್ತು. ಬಿಸಿನೀರು ಕೊಟ್ಟ ಕೈ ನನ್ನದು, ಎಣ್ಣೆ ಹಚ್ಚಿದ ಕೈಯೂ ನನ್ನದು. ಮಗನ ಮುಖ ನೋಡಿದೆ, ಕಂಬ ನೋಡಿದೆ. ಬಾಯಿ ಹೇಳಿತು: "ನನಗೆ ಗೊತ್ತಿಲ್ಲಪ್ಪ. ನಾನು ಒಳಗಿದ್ದೆ."

ಚೇಟ ಸ್ಪಾನರ್‌ಗಳನ್ನು ಕ್ರಮ ತಪ್ಪಿಸಿ ಚೀಲಕ್ಕೆ ತುಂಬಿದರು. "ಬೇರೆ ಯಾರಿಗಾದ್ರೂ ತೋರ್ಸು. ಇನ್ನು ಬ್ರೇಕಿಗೆ ನಾನು ಕೈ ಹಾಕುದಿಲ್ಲ" ಎಂದು ಮಗನಿಗೆ ಹೇಳಿ, ಬೇಲಿ ದಾಟಿ ಹೋದರು.

ಅವತ್ತೇ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ಮರುದಿನ, ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ಎನಿಸಿತು. ಒಂದು ದಿನ ತಡವಾದ ಮಾತು ಎರಡನೆಯ ದಿನಕ್ಕೆ ಇನ್ನೂ ಭಾರ. ಮಗ ಪುತ್ತೂರಿನ ಮೆಕ್ಯಾನಿಕ್‌ಗೆ ಫೋನ್ ಮಾಡಿದ, ಅವನಿಗೆ ಪುರುಸೊತ್ತಿಲ್ಲ, ಕಾರು ಅಂಗಳದಲ್ಲೇ ನಿಂತಿತ್ತು. ದಿನಾ ಬೆಳಿಗ್ಗೆ ಅದರ ಮುಖ ನೋಡುವುದು ನನ್ನ ಕರ್ಮ.

ಒಂಬತ್ತನೆಯ ದಿನ ಚೇಚಿ ಹಾಲಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತರು. ಬಾಟ್ಲಿ ಎದುರಿಟ್ಟು ಅತ್ತರು.

"ಇವರಿಗೆ ಏನೋ ಆಗಿದೆ ಅಕ್ಕಾ. ಮಾತ್ರೆ ತಿಂದದ್ದನ್ನು ಕ್ಯಾಲೆಂಡರಿನಲ್ಲಿ ಬರೀತಾರೆ. ಗ್ಯಾಸ್ ಬಂದ್ ಮಾಡಿದ್ದೇನಾ ಅಂತ ಮೂರು ಸಲ ಎದ್ದು ಹೋಗ್ತಾರೆ. ಮಕ್ಕಳ ಹುಟ್ಟಿದ ದಿನ ಕೇಳು, ಸರಿ ಹೇಳ್ತೇನಾ ನೋಡು ಅಂತಾರೆ. ಅಣ್ಣನಿಗೆ ಶುರುವಾದದ್ದೂ ಹೀಗೇ ಅಂತೆ. ಜೀಪಿನ ಕೀ ನನ್ನ ಕೈಗೆ ಕೊಟ್ಟು ಬಿಟ್ಟಿದ್ದಾರೆ. ನಾಳೆ ಮಂಗಳೂರಿಗೆ, ತಲೆಯ ಡಾಕ್ಟರ ಹತ್ತಿರ."

ನಾನು ಒಲೆ ಆರಿಸಿದೆ. ಹೆಪ್ಪು ಕೊಡಲಿಲ್ಲ, ಚೇಚಿಯನ್ನು ಕರೆದುಕೊಂಡು ನೇರ ಅವರ ಮನೆಗೆ ನಡೆದೆ.

ಚೇಟ ಊಟದ ಮೇಜಿನ ಎದುರು ಕುಳಿತಿದ್ದರು. ಬಟ್ಟಲಲ್ಲಿ ಗಂಜಿ ತಣ್ಣಗಾಗಿತ್ತು. ಗಡ್ಡ ಬೆಳೆದಿತ್ತು. ನಾನು ಕುಳಿತುಕೊಳ್ಳಲಿಲ್ಲ. ಕುಳಿತರೆ ಬೇರೆ ಮಾತು ಬರುತ್ತದೆ.

"ನೀವು ತೊಳೆದಿದ್ದೀರಿ" ಎಂದೆ. "ಎಣ್ಣೆ ಹಚ್ಚಿದ್ದು ನಾನು. ತುಕ್ಕು ಬಂತು ಅಂತ. ಅವತ್ತು ಕೇಳಿದಾಗ ಸುಳ್ಳು ಹೇಳಿದೆ."

ಚೇಟ ನನ್ನನ್ನೇ ನೋಡಿದರು. ಬಯ್ಯಲಿಲ್ಲ. ಮೆಲ್ಲ ಕೇಳಿದರು: "ಬಿಸಿನೀರು?"

"ನಾನೇ ಕೊಟ್ಟದ್ದು."

"ತಾಮ್ರದ ಚೆಂಬಿನಲ್ಲಿ."

"ಹೌದು."

"ಎರಡನೆಯದನ್ನು ತೊಳೆಯುವಾಗ ನಿಮ್ಮ ಬೆಕ್ಕು ಬಂತು."

"ಬಂತು. ನೀವು ನೀರು ಎರಚಿದಿರಿ. ಓಡಿತು."

"ಹಳದಿ ಬಟ್ಟೆಯಲ್ಲಿ ಒರಸಿದೆ."

"ನಿಮ್ಮದೇ ಬಟ್ಟೆ. ಹೆಗಲ ಮೇಲಿದ್ದದ್ದು."

ಪರೀಕ್ಷೆ ಬರೆದು ಬಂದ ಮಕ್ಕಳು ಉತ್ತರ ತಾಳೆ ನೋಡುವ ಹಾಗೆ ಒಂದೊಂದೇ ಕೇಳಿದರು. ಒಂಬತ್ತು ದಿನ ಅವರು ಇದನ್ನೇ ತಲೆಯೊಳಗೆ ತಿರುಗಿಸಿದ್ದಾರೆ, ಎಲ್ಲವೂ ನೆನಪಿದೆ, ನೆನಪಿದ್ದದ್ದನ್ನೇ ನಂಬಲಾಗದೆ ಕುಳಿತಿದ್ದಾರೆ ಎಂದು ನನಗೆ ಆಗ ತಿಳಿಯಿತು. ಕೊನೆಗೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅತ್ತರೋ ಇಲ್ಲವೋ ನಾನು ನೋಡಲಿಲ್ಲ, ಗೋಡೆಯ ಕಡೆ ತಿರುಗಿ ನಿಂತೆ. ಚೇಚಿ ಮಲಯಾಳದಲ್ಲಿ ಏನೋ ಪ್ರಾರ್ಥನೆ ಹೇಳುತ್ತಿದ್ದರು.

ಚೇಟನಿಗೆ ಸಿಟ್ಟು ಆಮೇಲೆ ಬಂತು. ಬಂದಾಗ ಸಣ್ಣದಾಗಿ ಬರಲಿಲ್ಲ.

"ಕಂಬ ಹೋಗ್ಲಿ, ಬಂಪರ್ ಹೋಗ್ಲಿ. ಎಣ್ಣೆ ಹಚ್ಚಿದ್ದಕ್ಕೂ ನನಗೆ ಸಿಟ್ಟಿಲ್ಲ, ಗೊತ್ತಿಲ್ಲದೆ ಮಾಡಿದ್ದು. ಆ ಕೆಂಪು ಎರಡು ಸಲ ಬ್ರೇಕ್ ಒತ್ತಿದ್ರೆ ತಾನೇ ಹೋಗ್ತದೆ ಅಂತ ನಾನೂ ಹೇಳಿ ಹೋಗ್ಬೇಕಿತ್ತು. ಆದ್ರೆ ನಾನು ಕೇಳಿದೆ ಅಲ್ವಾ ಅಕ್ಕಾ? ನಿಮ್ಮ ಹತ್ರ ಕೇಳಿದೆ! ಅಣ್ಣನನ್ನು ನೋಡಿದವರು ನೀವು. ಒಂಬತ್ತು ದಿನ ನಾನು ಮನುಷ್ಯ ಅಲ್ಲ. ಈಗ ಹೋಗಿ. ನಾನು ಇನ್ನೂ ಜೋರು ಮಾತಾಡುವ ಮೊದಲು ಹೋಗಿ."

ಹೋದೆ. ಫಾದರ್ ಆ ದಿನ ಅಲ್ಲಿ ಇರಬೇಕಿತ್ತು.

ಬೇಲಿ ದಾಟುವಾಗ ಒಳಗಿಂದ ಸ್ವರ ಕೇಳಿತು: "ಈ ಗಂಜಿ ಎಂತ, ಕಲ್ಲಾಗಿದೆ! ಬಿಸಿ ಮಾಡಿ ಕೊಡು. ಚಟ್ನಿ ಉಂಟಾ?" ನಾನು ಬೇಲಿಯಲ್ಲೇ ಒಂದು ನಿಮಿಷ ನಿಂತೆ. ಆಮೇಲೆ ಮನೆಗೆ ಬಂದು ಮಗನಿಗೂ ಹೇಳಿದೆ. ಅವನು ಎರಡು ದಿನ ನನ್ನೊಂದಿಗೆ ಸರಿಯಾಗಿ ಮಾತನಾಡಲಿಲ್ಲ. ನಾನಾದರೆ ನಾಲ್ಕು ದಿನ ಬಿಡುತ್ತಿದ್ದೆ.

ಮಂಗಳೂರಿನ ಡಾಕ್ಟರ ಹತ್ತಿರ ಚೇಟ ಹೋಗಲಿಲ್ಲ. ಮುಂದಿನ ಆದಿತ್ಯವಾರ ಖಾಕಿ ಚಡ್ಡಿ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದರು. ಎಣ್ಣೆ ಕುಡಿದ ಪ್ಯಾಡ್ ತೊಳೆದರೂ ಸರಿಯಾಗುವುದಿಲ್ಲವಂತೆ, ಅದನ್ನು ಬಿಸಾಡಿ ಹೊಸದು ಹಾಕಿದರು. ಡಿಸ್ಕನ್ನು ಮತ್ತೆ ತೊಳೆದರು. ನನ್ನ ಹತ್ತಿರ ಮಾತಿಲ್ಲ. ಬಿಸಿನೀರು ಬೇಕಾದಾಗ ಮಗನಿಗೆ "ನಿನ್ನ ಅಮ್ಮನ ಹತ್ರ ಹೇಳು" ಎಂದರು. ನಾನು ಚೆಂಬು ತಂದಿಟ್ಟೆ, ಸಕ್ಕರೆ ಹಾಕದ ಚಹಾ ತಂದಿಟ್ಟೆ. ಚಹಾ ಕುಡಿದು ಲೋಟ ಕೆಳಗಿಟ್ಟು, ಯಾರನ್ನೂ ನೋಡದೆ, "ದೋಸೆ ಹೊಯ್ಯುವವರು ಯಾರಾದ್ರೂ ಹತ್ರ ಉಂಟಾ ನೋಡು ಮಾರಾಯ, ಡಿಸ್ಕ್ ಒಳಗೆ ಇಡು" ಎಂದರು. ಮಗ ನಕ್ಕ. ನನಗೂ ತಡೆಯಲಾಗಲಿಲ್ಲ.

ಅಲ್ಲಿಂದ ಶುರು. ಚೇಟ ಆ ಕಥೆಯನ್ನು ಊರಿಡೀ ಹೇಳಿದರು. ನೆಲ್ಯಾಡಿಯ ಮದುವೆಯಲ್ಲಿ ಒಂದು ಚಮಚ ಇದ್ದ ಎಣ್ಣೆ, ಸುಳ್ಯದ ಗೃಹಪ್ರವೇಶಕ್ಕೆ ಒಂದು ಲೋಟ ಆಯಿತು. ನಾನು ಪಂಕ್ತಿಯಿಂದಲೇ ಕೂಗಿದೆ, "ಚಮಚ! ಒಂದು ಚಮಚ!" ಎಂದು. ಕೇಳುವವರು ಯಾರು? ಮುಂದಿನ ವರ್ಷ ಅದು ಅರ್ಧ ಬಾಟ್ಲಿ. ಬೆಕ್ಕು ಬಂದದ್ದು, ಚೆಂಬು, ಹಳದಿ ಬಟ್ಟೆ, ಪಿಕಪ್ಪಿನ ಹಾರ್ನ್ ಎಲ್ಲ ಇದ್ದ ಹಾಗೇ ಹೇಳುವರು, ಒಂದೂ ತಪ್ಪುತ್ತಿರಲಿಲ್ಲ. ಎಣ್ಣೆ ಮಾತ್ರ ಹೆಚ್ಚುತ್ತಾ ಹೋಯಿತು. ನಾನು ಪ್ರತಿಸಲವೂ ತಿದ್ದಿದೆ. ಸುಳ್ಳು ಹೇಳಿದ ಭಾಗವನ್ನು ಮಾತ್ರ ಅವರು ಯಾರ ಎದುರೂ ಹೇಳಲಿಲ್ಲ. "ಅಕ್ಕ ಕೂಡಲೇ ಒಪ್ಪಿಕೊಂಡ್ರು" ಎಂದು ಮುಗಿಸುತ್ತಿದ್ದರು.

ಹೃದಯದ ತೊಂದರೆಯಾಗಿ ಪುತ್ತೂರಿನ ಆಸ್ಪತ್ರೆಯಲ್ಲಿದ್ದಾಗ ನೋಡಲು ಹೋಗಿದ್ದೆ. ಸ್ವರ ಇಳಿದುಹೋಗಿತ್ತು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕು. ನರಿಮೊಗರು ಕಡೆಯ ಹುಡುಗಿಯೊಬ್ಬಳು ನರ್ಸ್, ಬಿಪಿ ನೋಡುತ್ತಿದ್ದಳು. ನನ್ನನ್ನು ಕಂಡದ್ದೇ ಚೇಟನ ಕಣ್ಣು ಹೊಳೆಯಿತು.

"ಮಗಳೇ, ಇವರು ಯಾರು ಗೊತ್ತುಂಟಾ? ಕಾರಿನ ಬ್ರೇಕಿಗೆ ತೆಂಗಿನೆಣ್ಣೆ ಹಚ್ಚಿದವರು."

ಹೇಳಲು ಶುರು ಮಾಡಿದರು. ಮಾತಾಡಬಾರದು ಅಂಕಲ್ ಎಂದಳು ಆ ಹುಡುಗಿ. ಅವರು ಕೇಳಲಿಲ್ಲ. ಉಸಿರು ಎಳೆದುಕೊಂಡು, ನಿಂತು, ಮತ್ತೆ ಹೇಳಿದರು. ಬಿಸಿನೀರು ಬಂತು, ಬೆಕ್ಕು ಬಂತು, ಬಟ್ಟೆ ಬಂತು. ಒಂದೂ ಬಿಟ್ಟುಹೋಗಲಿಲ್ಲ.

"ಎರಡು ಬಾಟ್ಲಿ ಎಣ್ಣೆ, ಮಗಳೇ. ಪೂರಾ ಎರಡು."

ಹುಡುಗಿ ಬಾಯಿಗೆ ಕೈ ಇಟ್ಟುಕೊಂಡು ನನ್ನ ಕಡೆ ತಿರುಗಿದಳು. "ಹೌದಾ ಅಜ್ಜಿ? ಎರಡು ಬಾಟ್ಲಿಯಾ?"

ಚೇಟ ದಿಂಬಿನಿಂದ ತಲೆ ಎತ್ತಿ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಹೌದು" ಎಂದೆ. "ಎರಡು ಬಾಟ್ಲಿ. ನಾನೇ ಹಚ್ಚಿದ್ದು."

"ನೋಡು ಮಗಳೇ" ಎಂದು ಚೇಟ ತಲೆ ಇಳಿಸಿ ಕಣ್ಣು ಮುಚ್ಚಿದರು, "ಸಾಕ್ಷಿ ಉಂಟಲ್ಲ."